ಹನ್ನೊಂದು ಜನ ಸಿಗದ ಊರುಗಳು

ಹನ್ನೊಂದು ಜನ ಸೇರದಿದ್ದರೆ ಆಟ ಹೇಗೆ ನಡೆಸುವುದು ಎಂಬುದು ಗಲ್ಫಿನಲ್ಲಿರುವ ನಮಗೆ ಹೊಸ ಪ್ರಶ್ನೆಯೇನಲ್ಲ. ರಜೆಯ ದಿನ ಬೆಳಗಿನ ಜಾವ ಮರಳು ಮೈದಾನಕ್ಕೆ ಹೋಗಿ ನೋಡಿದರೆ ಒಬ್ಬನಿಗೆ ಓವರ್‌ಟೈಮ್, ಒಬ್ಬ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದಾನೆ, ಇನ್ನೊಬ್ಬ ಊರಿಗೆ ಹೋಗಿದ್ದಾನೆ. ಉಳಿದವರು ಎರಡೂ ಕಡೆ ಸೇರಿ ಒಂಬತ್ತು. ಆಗ ಒಬ್ಬನನ್ನು 'ಜೋಕರ್' ಮಾಡಿ ಎರಡೂ ತಂಡಕ್ಕೆ ಬ್ಯಾಟಿಂಗ್ ಕೊಡುತ್ತೇವೆ. ಒಂದೇ ಕಡೆಗೆ ಹೊಡೆದರೆ ಮಾತ್ರ ರನ್ ಎನ್ನುತ್ತೇವೆ. ಒಂದು ಪಿಚ್ ಬಿದ್ದು ಸಿಕ್ಕ ಕ್ಯಾಚನ್ನೂ ಔಟ್ ಎಂದು ಒಪ್ಪಿಕೊಳ್ಳುತ್ತೇವೆ. ಈ ನಿಯಮಗಳನ್ನು ಯಾರೂ ನಮಗೆ ಬರೆದುಕೊಟ್ಟಿಲ್ಲ. ಆಳು ಕಡಿಮೆಯಾದಾಗ ಆಟ ಬಿಟ್ಟು ರೂಮಿಗೆ ಹೋಗಲು ಮನಸ್ಸಾಗದವರು ಮಾಡಿಕೊಂಡ ನಿಯಮಗಳಿವು.

ಅಮೆರಿಕದ ಹಳ್ಳಿ ಹೈಸ್ಕೂಲುಗಳಿಗೂ ಇದೇ ಪೇಚು. ಅವರದು ಸುಮಾರು ತೊಂಬತ್ತು ವರ್ಷಗಳ ಹಳೆಯ ಕಥೆ. ಅಲ್ಲಿ ಒಬ್ಬ ಮೇಷ್ಟ್ರು ಆಳಿಲ್ಲದ ಶಾಲೆಗಳಿಗೆಂದೇ ಆಟದ ನಿಯಮವನ್ನು ಕೂತು ಹೊಸದಾಗಿ ಬರೆದರು, ಅದು ದೇಶದ ತುಂಬ ಹಬ್ಬಿತು, ಇವತ್ತಿಗೂ ನಡೆಯುತ್ತಿದೆ. ನಾನು ಇತಿಹಾಸ ಓದಿದವನಲ್ಲ, ಡಿ. ಫಾರ್ಮಾ ಮುಗಿಸಿ ಆಸ್ಪತ್ರೆಯ ಕೌಂಟರಿನ ಹಿಂದೆ ನಿಂತವನು. ನಮ್ಮಲ್ಲಿ ಫಿಸಿಯೋಥೆರಪಿ ವಿಭಾಗದಲ್ಲಿ ಕೆಲವು ಕಾಲ ನೆಬ್ರಾಸ್ಕಾ ಕಡೆಯವರೊಬ್ಬರು ಇದ್ದರು. ಮಾತಿನ ನಡುವೆ "ನಮ್ಮ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಆರೇ ಜನ" ಎಂದರು. ತಮಾಷೆ ಎಂದುಕೊಂಡೆ. ಆಮೇಲೆ ರಾತ್ರಿ ಪಾಳಿಯ ಬಿಡುವಿನಲ್ಲಿ ಓದುತ್ತ ಹೋದ ಹಾಗೆ ಇದು ಬರೀ ಆಟದ ಕಥೆಯಲ್ಲ, ಊರು ಖಾಲಿಯಾಗುವ ಕಥೆ ಎಂದು ತಿಳಿಯಿತು. ಊರು ಬಿಟ್ಟು ಬಂದ ನಮ್ಮಂಥವರು ಓದಬೇಕಾದ್ದು ಅನ್ನಿಸಿ ಈ ಸಂಚಿಕೆಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ವಿಶ್ವಕಪ್ ಸಮಯದಲ್ಲಿ ನೋಡುವ ಆಟವಲ್ಲ. ಅವರ ಚೆಂಡು ಎರಡೂ ತುದಿ ಚೂಪಾದ ಮೊಟ್ಟೆಯಂತೆ. ಕಾಲಿಗಿಂತ ಕೈಯ ಕೆಲಸವೇ ಹೆಚ್ಚು. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಪ್ಯಾಡ್. ಚೆಂಡು ಹಿಡಿದು ಎದುರಾಳಿಯ ಗೆರೆಯತ್ತ ಓಡಬೇಕು ಅಥವಾ ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕು. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಗಜ ಗಜ ಲೆಕ್ಕ ಹಾಕಿ ಜಾಗ ಗೆಲ್ಲುವ ಆಟ. ನಮ್ಮ ಕಬಡ್ಡಿಯ ಮೈಕೈ ಜಗ್ಗಾಟ ಮತ್ತು ಗದ್ದೆಯ ಬದುವಿನ ಜಗಳ ಎರಡನ್ನೂ ಸೇರಿಸಿದರೆ ಹೇಗೋ ಹಾಗೆ.

ಒಂದು ಕಡೆಗೆ ಹನ್ನೊಂದು ಜನ ಎಂಬುದು ದೇವರು ಬರೆದ ಸಂಖ್ಯೆಯಲ್ಲ. ಶುರುವಿನಲ್ಲಿ ಅಲ್ಲಿನ ಕಾಲೇಜುಗಳು ರಗ್ಬಿಯಂತೆ ಹದಿನೈದು ಜನರನ್ನು ಇಟ್ಟುಕೊಂಡು ಆಡುತ್ತಿದ್ದವು. ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಎಂಬ ಯುವಕನ ಒತ್ತಾಯದಿಂದ 1880ರಲ್ಲಿ ಅದು ಹನ್ನೊಂದಕ್ಕೆ ಇಳಿಯಿತು. ಆ ಕಾಲದ ಆಟ ಬಹಳ ಕ್ರೂರವಾಗಿತ್ತು. ಆಟಗಾರರು ತೋಳಿಗೆ ತೋಳು ಹೆಣೆದು ಗುಂಪಾಗಿ ನುಗ್ಗುತ್ತಿದ್ದರು. 1905ರ ಒಂದೇ ಹಂಗಾಮಿನಲ್ಲಿ ಹದಿನೆಂಟರಷ್ಟು ಹುಡುಗರು ಸತ್ತರೆಂದು ಪತ್ರಿಕೆಗಳು ಬರೆದವು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಬೇಕಾಯಿತು. ಮರುವರ್ಷ, 1906ರಲ್ಲಿ, ಚೆಂಡನ್ನು ಮುಂದಕ್ಕೆ ಎಸೆಯಲು ಮೊದಲ ಸಲ ಅನುಮತಿ ಕೊಟ್ಟರು. ಅಂದರೆ ಈ ಆಟವನ್ನು ಮೊದಲಿನಿಂದಲೂ ಜನ ತಮ್ಮ ಕಷ್ಟಕ್ಕೆ ತಕ್ಕಂತೆ ತಿದ್ದಿಕೊಂಡೇ ಬಂದಿದ್ದಾರೆ. ಹಳ್ಳಿ ಮೇಷ್ಟ್ರು ಮುಂದೆ ಮಾಡಿದ್ದು ಅದರ ಇನ್ನೊಂದು ಕಂತು.

ಈಗ ಹಳ್ಳಿಯ ಮಾತು. ನೆಬ್ರಾಸ್ಕಾ, ಕನ್ಸಾಸ್, ಡಕೋಟಾ ಎಂಬ ಬಯಲುಸೀಮೆ ರಾಜ್ಯಗಳಲ್ಲಿ ಊರುಗಳು ಹುಟ್ಟಿದ್ದು ನಮ್ಮ ಊರುಗಳಂತೆ ಕೆರೆ, ದೇವಸ್ಥಾನಗಳ ಸುತ್ತ ಅಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ನೆಲೆ ನಿಂತು ಉತ್ತವನಿಗೆ ಸರ್ಕಾರ 160 ಎಕರೆ ಭೂಮಿ ಕೊಟ್ಟಿತು. (ಅಲ್ಲಿ ಮೊದಲೇ ಬದುಕಿದ್ದ ಮೂಲನಿವಾಸಿಗಳ ಕೈಯಿಂದ ಕಿತ್ತ ಭೂಮಿ ಅದು ಎಂಬುದನ್ನು ಮರೆಯಬಾರದು.) ರೈಲು ಕಂಪನಿಗಳು ಹಳಿ ಹಾಕುತ್ತ ಹೋದಂತೆ ಕೆಲವೇ ಮೈಲಿಗೊಂದು ನಿಲ್ದಾಣ ಮಾಡಿದವು. ರೈತ ಕುದುರೆ ಗಾಡಿಯಲ್ಲಿ ಧಾನ್ಯ ತಂದು ಹಾಕಿ ಅದೇ ದಿನ ಮನೆಗೆ ಮರಳುವಷ್ಟು ದೂರ. ಆ ನಿಲ್ದಾಣದ ಸುತ್ತ ಒಂದು ಬ್ಯಾಂಕು, ಒಂದು ಚರ್ಚು, ಒಂದು ಕಿರಾಣಿ ಅಂಗಡಿ, ಧಾನ್ಯ ತುಂಬುವ ಎತ್ತರದ ಕಣಜ, ಮತ್ತು ಒಂದು ಶಾಲೆ. ಜನಸಂಖ್ಯೆ ಇನ್ನೂರು, ಮುನ್ನೂರು, ಐನೂರು.

ಆ ಶಾಲೆ ಮೇಲಿನಿಂದ ಸರ್ಕಾರ ಕೊಟ್ಟದ್ದಲ್ಲ. ಊರವರೇ ತಮ್ಮ ಜಮೀನಿನ ಮೇಲೆ ತೆರಿಗೆ ಹಾಕಿಕೊಂಡು, ತಾವೇ ಮಂಡಳಿ ಆರಿಸಿಕೊಂಡು ನಡೆಸುವುದು. 1940ರ ಸುಮಾರಿಗೆ ಆ ದೇಶದಲ್ಲಿ ಇಂಥ ಶಾಲಾ ಮಂಡಳಿಗಳು 1,17,000ದಷ್ಟಿದ್ದವು. ಹಾಗಾಗಿ ಶಾಲೆಯ ತಂಡವೆಂದರೆ ಊರಿನ ತಂಡ. ಶುಕ್ರವಾರ ರಾತ್ರಿ ಪಂದ್ಯ. ಅಂಗಡಿ ಮುಚ್ಚಿ ಎಲ್ಲರೂ ಮೈದಾನಕ್ಕೆ. ನಮ್ಮಲ್ಲಿ ಜಾತ್ರೆಗೆ, ಕಂಬಳಕ್ಕೆ, ಮೇಳದ ಆಟಕ್ಕೆ ಊರು ಸೇರುತ್ತದಲ್ಲ, ಹಾಗೆ.

ಆದರೆ ಹೈಸ್ಕೂಲಿನಲ್ಲಿ ನಲವತ್ತು ಮಕ್ಕಳಿದ್ದರೆ ಅರ್ಧ ಹೆಣ್ಣುಮಕ್ಕಳು. ಉಳಿದ ಇಪ್ಪತ್ತರಲ್ಲಿ ಒಬ್ಬನಿಗೆ ಹೊಲದ ಕೆಲಸ, ಒಬ್ಬ ತೀರಾ ಬಡಕಲು, ಒಬ್ಬನ ತಾಯಿಗೆ ಇಷ್ಟವಿಲ್ಲ. ಹನ್ನೊಂದು ಜನ ಹೇಗೋ ಸಿಕ್ಕರೂ ಅಭ್ಯಾಸಕ್ಕೆ ಎದುರು ನಿಲ್ಲಲು ಇನ್ನೊಂದು ಹನ್ನೊಂದು ಎಲ್ಲಿ? ಹೆಲ್ಮೆಟ್, ಪ್ಯಾಡುಗಳಿಗೆ ದುಡ್ಡು ಎಲ್ಲಿ? ಎಷ್ಟೋ ಶಾಲೆಗಳು ಫುಟ್‌ಬಾಲ್ ಗೊಡವೆಗೇ ಹೋಗದೆ ಬಾಸ್ಕೆಟ್‌ಬಾಲ್ ಆಡಿಕೊಂಡಿದ್ದವು. ಅದಕ್ಕೆ ಐದು ಜನ ಸಾಕು.

ಅಷ್ಟರಲ್ಲಿ 1930ರ ದಶಕ ಬಂತು. ಬ್ಯಾಂಕುಗಳು ಮುಳುಗಿದವು, ಜೋಳ, ಗೋಧಿಯ ಬೆಲೆ ನೆಲ ಕಚ್ಚಿತು. 1934ರಲ್ಲಿ ಭೀಕರ ಬರ. ಉತ್ತು ಸಡಿಲಾದ ಮಣ್ಣು ಗಾಳಿಗೆ ಎದ್ದು ಧೂಳಿನ ಮೋಡವಾಗಿ ಸಾವಿರಾರು ಮೈಲಿ ಹಾರಿತು. ಗಲ್ಫಿನ ಧೂಳುಗಾಳಿ ನೋಡಿದ ನಮಗೆ ಅದನ್ನು ಹೆಚ್ಚು ವಿವರಿಸಬೇಕಿಲ್ಲ. ಆದರೆ ನಮ್ಮದು ಮರುಭೂಮಿಯ ಮರಳು; ಅವರದು ಅನ್ನ ಬೆಳೆಯುವ ಮೇಲ್ಮಣ್ಣು.

ನೆಬ್ರಾಸ್ಕಾದ ದಕ್ಷಿಣ ಅಂಚಿನಲ್ಲಿ ಚೆಸ್ಟರ್ ಎಂಬ ಸಣ್ಣ ಊರು. ಅಲ್ಲಿಯ ಹೈಸ್ಕೂಲಿನಲ್ಲಿ ಸ್ಟೀಫನ್ ಎಪ್ಲರ್ ಎಂಬ ಚಿಕ್ಕ ವಯಸ್ಸಿನ ಮೇಷ್ಟ್ರು. ಆಟದ ತರಬೇತಿಯೂ ಅವರದೇ. ಹುಡುಗರಿಗೆ ಫುಟ್‌ಬಾಲ್ ಆಡುವ ಆಸೆ, ಶಾಲೆಗೆ ಶಕ್ತಿಯಿಲ್ಲ. ಎಪ್ಲರ್ ಹನ್ನೊಂದನ್ನು ಆರು ಮಾಡಿದರು. ಬರೀ ಐದು ಜನರನ್ನು ತೆಗೆದುಹಾಕಿದ್ದರೆ ಅದು ಅರೆಬರೆ ಆಟವಾಗುತ್ತಿತ್ತು. ಆರು ಜನ ದೊಡ್ಡ ಮೈದಾನದಲ್ಲಿ ನಿಂತರೆ ವೇಗದ ಹುಡುಗನೊಬ್ಬ ಚೆಂಡು ಹಿಡಿದು ಓಡಿದ ಕೂಡಲೇ ಪಂದ್ಯ ಮುಗಿದ ಹಾಗೆ. ಆದ್ದರಿಂದ ಆರು ಜನಕ್ಕೆ ಹೊಂದುವ ಹಾಗೆ ಇಡೀ ಆಟವನ್ನೇ ಹೊಸದಾಗಿ ಕಟ್ಟಬೇಕಾಯಿತು.

ಆ ಆಟ ಇವತ್ತು ನಡೆಯುವ ರೀತಿ ಹೀಗೆ. ಹನ್ನೊಂದರ ಮೈದಾನ 100 ಗಜ ಉದ್ದ, 53 ಗಜಕ್ಕೆ ಸ್ವಲ್ಪ ಹೆಚ್ಚು ಅಗಲ. ಆರರದು 80 ಗಜ ಉದ್ದ, 40 ಗಜ ಅಗಲ. ತಡೆಯುವವರು ಕಡಿಮೆ ಇರುವುದರಿಂದ ಮುಂದೆ ಹೋಗುವುದು ಸುಲಭ. ಅದಕ್ಕೇ 10 ಗಜದ ಬದಲು 15 ಗಜ ಗೆಲ್ಲಬೇಕು. ನೆಲದಿಂದ ಚೆಂಡು ಹಿಂದಕ್ಕೆ ಬಂದಾಗ ಮೊದಲು ಹಿಡಿದವನು ಅದನ್ನು ತಾನೇ ಹೊತ್ತು ಗೆರೆ ದಾಟಿ ಓಡುವಂತಿಲ್ಲ. ಒಮ್ಮೆಯಾದರೂ ಇನ್ನೊಬ್ಬನ ಕೈಗೆ ಸಾಗಿಸಬೇಕು. ಒಬ್ಬ ಗಟ್ಟಿಗನೇ ಊರಿನ ಮರ್ಯಾದೆಯನ್ನೆಲ್ಲ ಹೊತ್ತು ಓಡುವುದಕ್ಕೆ ಇದು ಅಡ್ಡಿ. ಗೋಲು ಕಂಬಗಳ ನಡುವೆ ಚೆಂಡು ಒದೆಯುವುದು ಆರು ಜನಕ್ಕೆ ಕಷ್ಟ, ಕಾಯಲು ಆಳಿಲ್ಲ. ಹಾಗಾಗಿ ಅದಕ್ಕೆ 3 ಅಂಕದ ಬದಲು 4 ಅಂಕ.

ನನಗೆ ಎಲ್ಲಕ್ಕಿಂತ ಇಷ್ಟವಾದ ನಿಯಮ ಬೇರೆ. ಹನ್ನೊಂದರ ಆಟದಲ್ಲಿ ಮುಂದಿನ ಸಾಲಿನ ನಡುವೆ ನಿಲ್ಲುವ ಐವರು ದಪ್ಪ ಹುಡುಗರು ಮುಂದೆ ಎಸೆದ ಚೆಂಡನ್ನು ಹಿಡಿಯುವ ಹಾಗೇ ಇಲ್ಲ. ವರ್ಷಗಟ್ಟಲೆ ಆಡಿದರೂ ಅವರ ಕೆಲಸ ಎದುರಿನವನನ್ನು ತಳ್ಳುವುದಷ್ಟೇ. ಆರರ ಆಟದಲ್ಲಿ ಎಲ್ಲರೂ ಹಿಡಿಯಬಹುದು. ಚೆಂಡನ್ನು ಹಿಂದಕ್ಕೆ ಕೊಟ್ಟ ನಡುವಿನ ಹುಡುಗ ಕೂಡ ಎದ್ದು ಓಡಿ ಹೋಗಿ ಹಿಡಿಯಬಹುದು. ಸಣ್ಣ ಶಾಲೆಯಲ್ಲಿ ಯಾರನ್ನೂ 'ಲೆಕ್ಕಕ್ಕೆ ಉಂಟು ಆಟಕ್ಕೆ ಇಲ್ಲ' ಎಂದು ಕೂರಿಸುವ ಹಾಗಿಲ್ಲವಲ್ಲ, ಅದು ಇಲ್ಲಿ ನಿಯಮವೇ ಆಗಿಬಿಟ್ಟಿತು.

1934ರ ಸೆಪ್ಟೆಂಬರ್ ಕೊನೆಯ ವಾರ ಪಕ್ಕದ ಹೆಬ್ರಾನ್ ಊರಿನ ಮೈದಾನದಲ್ಲಿ, ದೀಪದ ಬೆಳಕಿನಲ್ಲಿ, ಮೊದಲ ಪಂದ್ಯ ನಡೆಯಿತು. ಚೆಸ್ಟರ್, ಹಾರ್ಡಿ, ಬೆಲ್ವಿಡಿಯರ್, ಅಲೆಗ್ಸಾಂಡ್ರಿಯಾ ಎಂಬ ನಾಲ್ಕು ಊರುಗಳ ಹುಡುಗರು ಎರಡೆರಡು ಊರಿಗೆ ಒಂದರಂತೆ ಎರಡು ತಂಡ ಮಾಡಿಕೊಂಡರು. ಅಭ್ಯಾಸಕ್ಕೆ ಸಿಕ್ಕಿದ್ದು ಎರಡು ವಾರ. ಪಂದ್ಯ 19-19ಕ್ಕೆ ಸಮವಾಯಿತು. ಬರಗಾಲದ ವರ್ಷ, ಹೊಲದಲ್ಲಿ ಬೆಳೆ ಇಲ್ಲ, ಬ್ಯಾಂಕಿನಲ್ಲಿ ದುಡ್ಡಿಲ್ಲ; ಆ ರಾತ್ರಿ ಸೋತವರು ಯಾರೂ ಇರಲಿಲ್ಲ ಎಂಬುದು ಕಾಕತಾಳೀಯ ಇರಬಹುದು, ಓದಿದಾಗ ಮಾತ್ರ ಮನಸ್ಸಿಗೆ ಹಿತವೆನಿಸಿತು.

ಮುಂದೆ ಅದು ಹಬ್ಬಿದ ವೇಗ ಆಶ್ಚರ್ಯದ್ದು. ಎಪ್ಲರ್ ನಿಯಮಗಳನ್ನು ಅಚ್ಚು ಹಾಕಿಸಿ ಹಂಚಿದರು, ಮುಂದೆ ಪುಸ್ತಕವನ್ನೇ ಬರೆದರು. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಟೆಕ್ಸಾಸ್ ರಾಜ್ಯ 1938ರಲ್ಲಿ ಇದನ್ನು ಸಣ್ಣ ಶಾಲೆಗಳಿಗೆ ಅಧಿಕೃತ ಮಾಡಿತು. ಗಡಿಯಾಚೆ ಕೆನಡಾದ ಸಸ್ಕಾಚೆವಾನ್ ಬಯಲಿನ ಶಾಲೆಗಳಿಗೂ ಇದು ಬಂತು. ಆರು ಬಹಳ ಕಡಿಮೆಯಾಯಿತು, ಹನ್ನೊಂದು ಬಹಳ ಹೆಚ್ಚಾಯಿತು ಎನ್ನುವ ಶಾಲೆಗಳು ನಡುವೆ ಎಂಟು ಜನರ ಆಟ, ಒಂಬತ್ತು ಜನರ ಆಟ ಮಾಡಿಕೊಂಡವು. ಒಂದೇ ಆಟಕ್ಕೆ ನಾಲ್ಕು ಅಳತೆ, ರೆಡಿಮೇಡ್ ಅಂಗಿಯ ಹಾಗೆ.

ದೊಡ್ಡ ಊರಿನವರು ಇದನ್ನು ಕೀಳಾಗಿ ಕಂಡದ್ದೂ ಉಂಟು. ಒಂದೊಂದು ಪಂದ್ಯದಲ್ಲಿ ಒಂದು ಕಡೆಗೇ ಅರವತ್ತು ಎಪ್ಪತ್ತು ಅಂಕ; 'ಇದೆಂಥ ಮಕ್ಕಳಾಟ' ಎಂಬ ನಗೆ. (ಅರ್ಧ ಆಟ ಮುಗಿದ ಮೇಲೆ ಅಂತರ 45 ಅಂಕವಾದರೆ ಅಲ್ಲಿಗೇ ಪಂದ್ಯ ನಿಲ್ಲಿಸಬೇಕೆಂಬ ದಯೆಯ ನಿಯಮವೂ ಇದೆ.) ಆ ನಗೆಗೆ ಜಾಕ್ ಪಾರ್ಡಿ ಉತ್ತರವಾದರು. ಟೆಕ್ಸಾಸಿನ ಕ್ರಿಸ್ಟೋವಲ್ ಎಂಬ ಹಳ್ಳಿಯ ಶಾಲೆಯಲ್ಲಿ ಆರು ಜನರ ಆಟ ಆಡಿ ಬೆಳೆದ ಹುಡುಗ ಟೆಕ್ಸಾಸ್ ಎ ಆ್ಯಂಡ್ ಎಂ ಕಾಲೇಜು ತಂಡಕ್ಕೆ ಹೋಗಿ, ಅಲ್ಲಿಂದ ವೃತ್ತಿಪರ ಲೀಗಿನಲ್ಲಿ ವರ್ಷಗಟ್ಟಲೆ ಆಡಿ, ಕೊನೆಗೆ ಷಿಕಾಗೊ, ವಾಷಿಂಗ್ಟನ್, ಹ್ಯೂಸ್ಟನ್ ತಂಡಗಳ ಮುಖ್ಯ ತರಬೇತುದಾರರಾದರು. ಆರು ಜನರ ಆಟದಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡಬೇಕು. ಓಡಬೇಕು, ಎಸೆಯಬೇಕು, ಹಿಡಿಯಬೇಕು, ಬೀಳಿಸಬೇಕು. ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಕಲಿತ ಫಾರ್ಮಸಿಸ್ಟಿಗೂ ಇದೇ ಲಾಭ. ಸ್ಟಾಕೂ ಅವನೇ, ಬಿಲ್ಲೂ ಅವನೇ, ವಾರ್ಡಿಗೆ ಓಡುವವನೂ ಅವನೇ.

ಇಲ್ಲಿಗೇ ನಿಲ್ಲಿಸಿದರೆ ಇದು ಚೆಂದದ ಗೆಲುವಿನ ಕಥೆಯಾಗುತ್ತಿತ್ತು. ಆದರೆ ನಿಯಮ ಬದಲಿಸಿ ಆಟ ಉಳಿಸಬಹುದು, ಊರು ಉಳಿಸಲು ಆಗುವುದಿಲ್ಲ.

ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರು, ಕೊಯ್ಲು ಯಂತ್ರ, ರಾಸಾಯನಿಕ ಗೊಬ್ಬರಗಳೆಲ್ಲ ಸೇರಿ ಬಯಲುಸೀಮೆಯ ಲೆಕ್ಕವನ್ನೇ ಬದಲಿಸಿದವು. ಹತ್ತು ಜನರ ಕೆಲಸ ಒಬ್ಬನಿಂದಾಯಿತು. 1935ರಲ್ಲಿ ಅಮೆರಿಕದಲ್ಲಿ ಸುಮಾರು 68 ಲಕ್ಷ ಹೊಲಮನೆಗಳಿದ್ದವು. ಸರಾಸರಿ ಒಂದಕ್ಕೆ 155 ಎಕರೆ. 2022ರ ಗಣತಿಯಲ್ಲಿ ಉಳಿದದ್ದು 19 ಲಕ್ಷ. ಸರಾಸರಿ 463 ಎಕರೆ. ಭೂಮಿ ಎಲ್ಲೂ ಹೋಗಲಿಲ್ಲ, ಬೆಳೆಯೂ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ನೆರೆಮನೆ ಮಾತ್ರ ಇಲ್ಲವಾಯಿತು. ಮೂರು ಮನೆಯ ಹೊಲ ಒಬ್ಬನ ಕೈಗೆ ಬಂದರೆ ಮೂರು ಮನೆಯ ಮಕ್ಕಳು ಹೋಗುವ ಶಾಲೆಗೆ ಒಂದೇ ಮನೆಯ ಮಕ್ಕಳು ಹೋಗುತ್ತಾರೆ. ಆ ಒಂದು ಮನೆಯಲ್ಲೂ ಮೊದಲಿನಂತೆ ಆರೇಳು ಮಕ್ಕಳಿಲ್ಲ, ಇಬ್ಬರೇ. ತಂಡಕ್ಕೆ ಹುಡುಗರು ಸಾಲದೆ ಹೋದದ್ದು ಹುಡುಗರ ಸೋಮಾರಿತನದಿಂದಲೋ ಮೊಬೈಲಿನಿಂದಲೋ ಎಂದು ಬಯ್ಯುವವರು ಈ ಎರಡು ಅಂಕಿಗಳನ್ನು ಒಮ್ಮೆ ನೋಡಬೇಕು.

ಇನ್ನೊಂದು ಕಡೆಯಿಂದ ಸರ್ಕಾರಗಳು, ತಜ್ಞರು ಸಣ್ಣ ಶಾಲೆಗಳ ಮೇಲೆ ಕಣ್ಣಿಟ್ಟರು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಂಟ್ 1959ರಲ್ಲಿ ಹೈಸ್ಕೂಲುಗಳ ಬಗ್ಗೆ ಒಂದು ವರದಿ ಪ್ರಕಟಿಸಿದರು. ಕೊನೆಯ ತರಗತಿಯಲ್ಲಿ ಕನಿಷ್ಠ 100 ಮಕ್ಕಳಾದರೂ ಇಲ್ಲದ ಶಾಲೆ ಒಳ್ಳೆಯ ವಿಜ್ಞಾನ, ಗಣಿತ, ಭಾಷೆಗಳನ್ನು ಕಲಿಸಲಾರದು ಎಂಬುದು ಅವರ ಅಭಿಪ್ರಾಯ. ಮುನ್ನೂರು ಜನಸಂಖ್ಯೆಯ ಊರು ಕೊನೆಯ ತರಗತಿಗೇ ನೂರು ಮಕ್ಕಳನ್ನು ಎಲ್ಲಿಂದ ತರಬೇಕು? ಶಾಲೆಗಳ ವಿಲೀನ ಆಗಲೇ ಶುರುವಾಗಿತ್ತು, ಈಗ ಇನ್ನೂ ಜೋರಾಯಿತು. 1,17,000 ಇದ್ದ ಶಾಲಾ ಮಂಡಳಿಗಳು 1970ರ ಹೊತ್ತಿಗೆ 18,000ಕ್ಕೆ ಇಳಿದವು. ಮೂವತ್ತು ವರ್ಷಗಳಲ್ಲಿ ಏಳರಲ್ಲಿ ಆರು ಹೋದವು ಎಂದರೆ ಎಷ್ಟು ಊರುಗಳ ಶಾಲೆಯ ಬಾಗಿಲಿಗೆ ಬೀಗ ಬಿದ್ದಿರಬೇಕು, ನೀವೇ ಊಹಿಸಿ.

ಕೊನಂಟ್ ಹೇಳಿದ್ದು ಸುಳ್ಳು ಎಂದು ನಾನು ಹೇಳಲಾರೆ. ಪ್ರಯೋಗಾಲಯ ಇಲ್ಲದ ಹೈಸ್ಕೂಲಿನಿಂದ ಬಂದು ಡಿಪ್ಲೊಮಾ ಮೊದಲ ವರ್ಷ ಪಿಪೆಟ್ ಹಿಡಿಯಲು ತಡವರಿಸಿದವನು ನಾನು. ದೊಡ್ಡ ಶಾಲೆಯಿಂದ ಬಂದವರು ಎಷ್ಟು ಮುಂದಿದ್ದರು ಎಂದು ಕಣ್ಣಾರೆ ನೋಡಿದ್ದೇನೆ. ಆದರೆ ಶಾಲೆ ಮುಚ್ಚಿದ ಊರಿನಲ್ಲಿ ಮೊದಲು ಮೇಷ್ಟ್ರುಗಳ ಮನೆ ಖಾಲಿಯಾಗುತ್ತದೆ, ಆಮೇಲೆ ಹೋಟೆಲು, ಆಮೇಲೆ ಅಂಗಡಿ. ಈ ನಷ್ಟ ಯಾವ ವರದಿಯ ಲೆಕ್ಕಕ್ಕೂ ಸಿಗುವುದಿಲ್ಲ.

ಶಾಲೆ ಉಳಿಸಿಕೊಂಡು ತಂಡವನ್ನು ಮಾತ್ರ ಒಂದು ಮಾಡುವ ದಾರಿಯನ್ನೂ ಹಲವು ಊರುಗಳು ಹಿಡಿದವು. ಎರಡು ಮೂರು ಶಾಲೆಗಳು ಸೇರಿ ಒಂದು ತಂಡ. ಹೇಳಲು ಸುಲಭ. ಅರವತ್ತು ವರ್ಷ ಒಬ್ಬರನ್ನೊಬ್ಬರು ಸೋಲಿಸಲೆಂದೇ ಆಡಿದ ಊರುಗಳು ಒಂದೇ ಅಂಗಿ ತೊಡಬೇಕು. ಯಾರ ಊರಿನ ಹೆಸರು ಮೊದಲು? ಯಾರ ಬಣ್ಣ? ಯಾರ ಮೈದಾನದಲ್ಲಿ ಪಂದ್ಯ? ನಮ್ಮ ಸಂಘಗಳು ಒಂದಾಗುವಾಗ ಬ್ಯಾನರಿನಲ್ಲಿ ಯಾರ ಲೋಗೊ ಎಡಗಡೆ ಎಂಬ ಚರ್ಚೆ ಎಷ್ಟು ಸಭೆ ತಿನ್ನುತ್ತದೆ ಎಂದು ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಊರ ಹೆಸರುಗಳನ್ನು ಗೀಟು ಎಳೆದು ಜೋಡಿಸಿಕೊಂಡ ಶಾಲೆಗಳು ಆ ಬಯಲಿನಲ್ಲಿ ಎಲ್ಲೆಲ್ಲೂ ಇವೆ. ಒಂದೊಂದು ಗೀಟಿನ ಹಿಂದೆಯೂ ಒಂದು ಜಗಳ, ಒಂದು ರಾಜಿ ಇದ್ದೇ ಇರುತ್ತದೆ.

ಟೆಕ್ಸಾಸಿನ ಒಂದು ಉದಾಹರಣೆ ಸಾಕು. ಆರು ಜನರ ಆಟಕ್ಕೆ ಅಲ್ಲಿ ರಾಜ್ಯ ಮಟ್ಟದ ಚಾಂಪಿಯನ್‌ಶಿಪ್ ಶುರುವಾದದ್ದು 1972ರಲ್ಲಿ. ಮೊದಲ ಫೈನಲ್‌ನಲ್ಲಿ ಓ'ಬ್ರಯನ್ ಎಂಬ ಊರಿನ ಶಾಲೆ ಜರೆಲ್ ಎಂಬ ಊರಿನ ಶಾಲೆಯನ್ನು ಸೋಲಿಸಿತು. ಗೆದ್ದ ಓ'ಬ್ರಯನ್ ಹತ್ತಿ ಬೆಳೆಯುವ ಸೀಮೆಯ ಪುಟ್ಟ ಊರು. ಜನ ಕಡಿಮೆಯಾಗುತ್ತ ಹೋಗಿ ಅದರ ಶಾಲೆ ಪಕ್ಕದ ನಾಕ್ಸ್ ಸಿಟಿಯ ಜೊತೆ ಸೇರಿತು, ಈಗ ಜೋಡಿ ಹೆಸರಿನಲ್ಲಿ ಕೊನೆಯದಾಗಿ ಉಳಿದಿದೆ. ಸೋತ ಜರೆಲ್ ಆಸ್ಟಿನ್ ನಗರದ ಉತ್ತರಕ್ಕೆ ಹೆದ್ದಾರಿಯ ಪಕ್ಕದಲ್ಲಿದೆ. ನಗರ ಬೆಳೆದು ಅಲ್ಲಿಯವರೆಗೆ ಬಂತು, ಬಡಾವಣೆಗಳು ಎದ್ದವು, ಶಾಲೆ ಈಗ ಹನ್ನೊಂದು ಜನರ ದೊಡ್ಡ ತಂಡವನ್ನೇ ಕಟ್ಟಿಕೊಂಡಿದೆ. ಆಟದಲ್ಲಿ ಗೆದ್ದವರು, ಸೋತವರು ಅದಲುಬದಲಾದದ್ದು ಭೂಪಟದ ದೆಸೆಯಿಂದ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವನಾಗಿ ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಆಟಗಾರರು ಕಡಿಮೆಯಿದ್ದರೆ ಮೈಗೆ ಅಪಾಯ. ದೊಡ್ಡ ಶಾಲೆಯಲ್ಲಿ ಚೆಂಡು ಹೊತ್ತು ದಾಳಿ ಮಾಡುವ ಗುಂಪು ಬೇರೆ, ತಡೆಯುವ ಗುಂಪು ಬೇರೆ. ಒಂದು ಆಡುವಾಗ ಇನ್ನೊಂದು ಕೂತು ನೀರು ಕುಡಿಯುತ್ತದೆ. ಹದಿಮೂರೇ ಹುಡುಗರಿರುವ ಹನ್ನೊಂದರ ತಂಡದಲ್ಲಿ ಅದೇ ಹುಡುಗರು ಎರಡನ್ನೂ ಮಾಡಬೇಕು. ದಣಿದ ಕಾಲು ಸುಲಭವಾಗಿ ತಿರುಚುತ್ತದೆ. ಇಬ್ಬರಿಗೆ ಪೆಟ್ಟಾದರೆ ಬದಲಿಗೆ ಕಳುಹಿಸಲು ಯಾರೂ ಇಲ್ಲ. ಮೂರನೆಯವನಿಗೆ ಆದರೆ ಮೈದಾನದಲ್ಲಿ ಹನ್ನೊಂದು ಜನವೂ ಇರುವುದಿಲ್ಲ. ಹದಿನಾರರ ಹುಡುಗ, ನೋಡಲು ಇಡೀ ಊರು ಬಂದಿದೆ, ತಾನು ಹೊರಬಿದ್ದರೆ ತಂಡವೇ ಇಲ್ಲ. ಅವನು ನೋವಿದೆ ಎಂದು ಬಾಯಿ ಬಿಡುತ್ತಾನೆಯೇ?

ಅದರಲ್ಲೂ ತಲೆಯ ಪೆಟ್ಟು. ಹೊರಗೆ ರಕ್ತವಿಲ್ಲ, ಊತವಿಲ್ಲ. ಒಳಗೆ ಮಿದುಳು ಕುಲುಕಿರುತ್ತದೆ. ಪೂರ್ತಿ ವಾಸಿಯಾಗುವ ಮೊದಲೇ ಎರಡನೇ ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು ಬರಬಹುದು. ವಾಷಿಂಗ್ಟನ್ ರಾಜ್ಯ 2009ರಲ್ಲಿ ಒಂದು ಕಾನೂನು ತಂದಿತು: ತಲೆಗೆ ಪೆಟ್ಟಾಗಿದೆ ಎಂಬ ಅನುಮಾನ ಬಂದ ಕೂಡಲೇ ವಿದ್ಯಾರ್ಥಿಯನ್ನು ಆಟದಿಂದ ಹೊರಗಿಡಬೇಕು, ಪರಿಣತರ ಲಿಖಿತ ಒಪ್ಪಿಗೆ ಇಲ್ಲದೆ ಮತ್ತೆ ಇಳಿಸಬಾರದು. 2014ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂತು. ಅತ್ಯಂತ ಸರಿಯಾದ ಕಾನೂನು. ಆದರೆ ಸಣ್ಣ ತಂಡಕ್ಕೆ ಇದು ಎಷ್ಟು ಭಾರ ಎಂದು ಯೋಚಿಸಿ. ತರಬೇತುದಾರ ನ್ಯಾಯವಾಗಿ ನಡೆದುಕೊಂಡರೆ ಆ ವಾರ ತಂಡವಿಲ್ಲ. ಈ ಪೆಟ್ಟುಗಳ ಸುದ್ದಿ ತಿಳಿದ ಮೇಲೆ ತಾಯಂದಿರು ಹಿಂಜರಿದರು. 2008ರ ಹಂಗಾಮಿನಲ್ಲಿ ಹನ್ನೊಂದು ಜನರ ಆಟ ಆಡುತ್ತಿದ್ದ ಹೈಸ್ಕೂಲು ಹುಡುಗರು ಸುಮಾರು 11 ಲಕ್ಷ. ಹತ್ತು ವರ್ಷಗಳ ನಂತರ 10 ಲಕ್ಷ. ದೊಡ್ಡ ನಗರದಲ್ಲಿ ನೂರಕ್ಕೆ ಹತ್ತು ಹುಡುಗರು ಕಡಿಮೆಯಾದರೆ ಗೊತ್ತಾಗುವುದಿಲ್ಲ. ಹಳ್ಳಿಯಲ್ಲಿ ಒಬ್ಬ ತಾಯಿ ಬೇಡವೆಂದರೆ ತಂಡ ಹೋಯಿತು. ಆ ತಾಯಿಯ ಮೇಲೆ ಊರಿನ ಕಣ್ಣು ಹೇಗಿರುತ್ತದೋ! ನನ್ನನ್ನು ಕೇಳಿದರೆ, ಹನ್ನೊಂದರ ಹಟ ಬಿಟ್ಟು ಎಂಟಕ್ಕೋ ಆರಕ್ಕೋ ಇಳಿಯುವ ಶಾಲೆ ತನ್ನ ಮಕ್ಕಳ ಮೈ ಕಾಯುವ ಶಾಲೆ. ಅದನ್ನು ಅವಮಾನ ಎನ್ನುವವರು ನೋವಿನ ಮಾತ್ರೆ ನುಂಗಿ ಆಡಿದ ಹುಡುಗನ ಮೊಣಕಾಲನ್ನು ನಲವತ್ತರ ವಯಸ್ಸಿನಲ್ಲಿ ಬಂದು ನೋಡಲಿ.

ಈಗ ಟೆಕ್ಸಾಸಿನಲ್ಲಿ ಹೈಸ್ಕೂಲಿನ ಮಕ್ಕಳ ಸಂಖ್ಯೆ 104.9 ಅಥವಾ ಅದಕ್ಕಿಂತ ಕಡಿಮೆ ಇರುವ ಶಾಲೆಗಳಿಗೆ ಆರರ ಆಟ. (ಪಾಯಿಂಟ್ ಒಂಬತ್ತು ಮಗು ಯಾವುದು ಎಂದು ಕೇಳಬೇಡಿ, ಸರ್ಕಾರಿ ಲೆಕ್ಕ ಎಲ್ಲ ದೇಶದಲ್ಲೂ ಒಂದೇ.) ಅದರ ಫೈನಲ್ ನಡೆಯುವುದು ಡಲ್ಲಾಸ್ ಕೌಬಾಯ್ಸ್ ತಂಡದ ತವರಾದ, 80,000 ಜನ ಹಿಡಿಸುವ ಕ್ರೀಡಾಂಗಣದಲ್ಲಿ. ಆಡುವ ಎರಡೂ ಊರುಗಳ ಮನುಷ್ಯರನ್ನೆಲ್ಲ ತಂದು ಕೂರಿಸಿದರೂ ಒಂದು ಮೂಲೆ ತುಂಬುವುದಿಲ್ಲ.

ನಮ್ಮ ಕಡೆಯದನ್ನೂ ಸ್ವಲ್ಪ ಹೇಳುತ್ತೇನೆ. ನಮ್ಮ ಶಾಲಾ ಕ್ರೀಡಾಕೂಟಗಳ ಆಟಗಳು ಸಣ್ಣ ಊರಿಗೆ ದಯೆ ತೋರಿಸುವಂಥವು. ಕಬಡ್ಡಿ ಅಂಕಣದಲ್ಲಿ ಏಳು ಜನ, ಖೋ ಖೋದಲ್ಲಿ ಒಂಬತ್ತು, ವಾಲಿಬಾಲಿಗೆ ಆರು. ಹೆಲ್ಮೆಟ್ ಬೇಡ, ಪ್ಯಾಡ್ ಬೇಡ, ಬರಿಗಾಲು ಸಾಕು. ಆದರೂ ಕಳೆದ ರಜೆಯಲ್ಲಿ ಊರಿಗೆ ಹೋದಾಗ ನಾನು ಓದಿದ ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕರು ಸಿಕ್ಕಿದ್ದರು. "ಖೋ ಖೋ ಬಿಟ್ಟೆವು ಮಾರಾಯ, ಕಬಡ್ಡಿಗೆ ಏಳು ಮಂದಿ ಆಗ್ತಾರೆ, ಎಂಟನೆಯವ ಇಲ್ಲ" ಎಂದರು. ಆ ಊರಿನಲ್ಲಿ ಯಾವ ಬರವೂ ಬಿದ್ದಿಲ್ಲ. ಮನೆಗಳು ಮೊದಲಿಗಿಂತ ಚೆನ್ನಾಗಿವೆ, ಮಹಡಿ ಎದ್ದಿವೆ, ಗೇಟಿಗೆ ಬೀಗವಿದೆ. ಮಕ್ಕಳಿರುವ ಮನೆಯ ಮುಂದೆ ಬೆಳಗ್ಗೆ ಹಳದಿ ವ್ಯಾನು ನಿಂತು ಅವರನ್ನು ಪೇಟೆಯ ಇಂಗ್ಲಿಷ್ ಶಾಲೆಗೆ ಒಯ್ಯುತ್ತದೆ. ಆ ವ್ಯಾನಿನ ಬಾಡಿಗೆ ಕೊಡುವವರಲ್ಲಿ, ಆ ಮಹಡಿ ಕಟ್ಟಿಸಿದವರಲ್ಲಿ ನಾವೇ ಎಷ್ಟು ಜನರಿಲ್ಲ? ನಾನೇ ಇದ್ದೇನೆ. ನನ್ನ ಮಗಳು ಕಲಿಯುವುದು ಇಲ್ಲಿಯ ಭಾರತೀಯ ಶಾಲೆಯಲ್ಲಿ. ಆ ಎಂಟನೆಯವರು ಎಲ್ಲಿ ಹೋದರೆಂದು ಆ ಮೇಷ್ಟ್ರು ನನ್ನನ್ನು ಕೇಳಲಿಲ್ಲ. ಟೀ ತರಿಸಿ, ದುಬೈಯಲ್ಲಿ ಬಿಸಿಲು ಹೇಗಿದೆ ಎಂದು ಕೇಳಿದರು.

ಮತ್ತೆ ಎಪ್ಲರ್ ಬಳಿಗೆ ಬರುತ್ತೇನೆ. ಅವರೂ ಚೆಸ್ಟರಿನಲ್ಲಿ ಉಳಿಯಲಿಲ್ಲ. ಯುದ್ಧ ಮುಗಿದ ಮೇಲೆ 1946ರಲ್ಲಿ ಒರೆಗಾನ್ ರಾಜ್ಯದ ವ್ಯಾನ್‌ಪೋರ್ಟ್ ಎಂಬಲ್ಲಿ, ಹಡಗುಕಟ್ಟೆಯ ಕಾರ್ಮಿಕರಿಗಾಗಿ ಅವಸರದಲ್ಲಿ ಕಟ್ಟಿದ್ದ ಕ್ಯಾಂಪಿನಂಥ ಊರಿನಲ್ಲಿ, ಸೈನ್ಯದಿಂದ ಮರಳಿದ ಯುವಕರಿಗೆ ಒಂದು ಕಾಲೇಜು ಶುರುಮಾಡಿದರು. 1948ರ ಮೇ 30ರಂದು ಕೊಲಂಬಿಯಾ ನದಿಯ ಕಟ್ಟೆ ಒಡೆದು ಒಂದೇ ದಿನದಲ್ಲಿ ಆ ಇಡೀ ಊರು ಕೊಚ್ಚಿಹೋಯಿತು. ಕಾಲೇಜನ್ನು ಬೇರೆ ಕಡೆ ಸಾಗಿಸಿ ನಡೆಸಿದರು. ಅದೇ ಬೆಳೆದು ಇಂದಿನ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯವಾಗಿದೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಓಲೋನಿ ಕಾಲೇಜು ಆರಂಭವಾದಾಗ ಅದಕ್ಕೂ ಎಪ್ಲರೇ ಮೊದಲ ಅಧ್ಯಕ್ಷರು. ಫ್ರೀಮಾಂಟ್ ಎಂದರೆ ಇಂದು ನಮ್ಮ ಎಷ್ಟೋ ಕನ್ನಡ ಕುಟುಂಬಗಳು ನೆಲೆಸಿರುವ ಊರು. ಅಲ್ಲಿಯ ಕನ್ನಡದ ಮಕ್ಕಳು ಆ ಕಾಲೇಜಿಗೆ ಹೋದರೆ ಎಪ್ಲರ್ ಹೆಸರಿನ ವ್ಯಾಯಾಮಶಾಲೆಯೊಂದನ್ನು ನೋಡಬಹುದು.

ಮೊದಲ ಪಂದ್ಯಕ್ಕೆ ಹುಡುಗರನ್ನು ಕಳಿಸಿದ ಆ ನಾಲ್ಕು ಊರುಗಳಲ್ಲಿ ಒಂದರಲ್ಲೂ ಈಗ ಸ್ವಂತ ಹೈಸ್ಕೂಲು ಇಲ್ಲ. ಬೆಲ್ವಿಡಿಯರ್‌ನಲ್ಲಿ ಐವತ್ತು ಜನರಿದ್ದರೆ ಹೆಚ್ಚು. ಅಲ್ಲಿಯ ಮಕ್ಕಳೂ ಚೆಸ್ಟರಿನ ಮಕ್ಕಳೂ ಬೆಳಗ್ಗೆ ಬಸ್ಸು ಹತ್ತಿ ಹೈಸ್ಕೂಲಿಗೆ ಹೋಗುವುದು ಹೆಬ್ರಾನಿಗೆ.